ಮೈಲುತುತ್ತ ಕರಗುತ್ತದೆ, ಗಂಧಕ ಕರಗುವುದಿಲ್ಲ: ಎಲ್ಲ ಒಂದೇ ಡ್ರಮ್ಮಿಗೆ ಹಾಕುವ ಮುಂಚೆ

ಸರ್, ನೀವು ಆಲ್ದೂರಿನಿಂದ ಕೇಳಿದ್ದು ಎರಡು ಪ್ರಶ್ನೆ. ಮೈಲುತುತ್ತ ನೀರಿನಲ್ಲಿ ಪೂರ್ತಿ ಕರಗುತ್ತದೆ, ಗಂಧಕ ಎಷ್ಟು ಕಲಕಿದರೂ ಕರಗುವುದಿಲ್ಲ, ಬೇವಿನೆಣ್ಣೆ ಮೇಲೆ ತೇಲುತ್ತದೆ, ಯಾಕೆ ಅನ್ನುವುದು ಒಂದು. ಆಳು ಸಿಗುತ್ತಿಲ್ಲ, ಬೋರ್ಡೋ (ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಕೊಳೆರೋಗದ ಔಷಧಿ) ಜೊತೆಗೇ ಜಿಂಕ್ ಸಲ್ಫೇಟ್, ಬೇವಿನೆಣ್ಣೆ ಸೇರಿಸಿ ಒಂದೇ ಸಲ ಹೊಡೆಯಬಹುದಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ: ಬೇಡ. ಬೋರ್ಡೋ ಒಂದನ್ನೇ ಹೊಡೆಯಿರಿ. ಯಾಕೆ ಅನ್ನುವುದು ನಿಮ್ಮ ಮೊದಲ ಪ್ರಶ್ನೆಯೊಳಗೇ ಇದೆ.

ಯಾವುದೇ ವಸ್ತುವಿನ ಕಣಗಳನ್ನು ಏನು ಹಿಡಿದಿಟ್ಟಿದೆ ಅಂತ ಗೊತ್ತಾದರೆ, ಅದು ಡ್ರಮ್ಮಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅಂತ ಬಹುಮಟ್ಟಿಗೆ ಹೇಳಬಹುದು. ಮೈಲುತುತ್ತದಲ್ಲಿ ಪ್ಲಸ್ ಚಾರ್ಜಿನ ತಾಮ್ರ, ಮೈನಸ್ ಚಾರ್ಜಿನ ಸಲ್ಫೇಟ್ ಇವೆ. ಇಂಥ ಚಾರ್ಜಿನ ಕಣಕ್ಕೆ ಅಯಾನು ಅನ್ನುತ್ತಾರೆ, ಪ್ಲಸ್ಸೂ ಮೈನಸ್ಸೂ ಒಂದನ್ನೊಂದು ಎಳೆದು ಹಿಡಿದಿರುತ್ತವೆ. ಈ ಎಳೆತಕ್ಕೇ ಅಯಾನಿಕ ಬಂಧ ಅನ್ನುವುದು. ನೀರಿನ ಅಣುವಿಗೂ ಒಂದು ತುದಿಯಲ್ಲಿ ಸ್ವಲ್ಪ ಪ್ಲಸ್, ಇನ್ನೊಂದು ತುದಿಯಲ್ಲಿ ಸ್ವಲ್ಪ ಮೈನಸ್ ಇದೆ. ಹಾಗಾಗಿ ನೀರು ಸುತ್ತುವರಿದು ತಾಮ್ರವನ್ನೂ ಸಲ್ಫೇಟನ್ನೂ ಬೇರೆ ಬೇರೆ ಮಾಡುತ್ತದೆ. ಆದರೆ ಸಲ್ಫೇಟ್ ಒಳಗಿನ ಗಂಧಕ ಮತ್ತು ಆಮ್ಲಜನಕ ಬಿಟ್ಟುಹೋಗುವುದಿಲ್ಲ. ಅವು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಕೂತಿವೆ, ಅದು ಸಹವೇಲೆನ್ಸಿ ಬಂಧ. ಒಂದೇ ಹರಳಿನಲ್ಲಿ ಎರಡು ಬಗೆಯ ಬಂಧ, ನೀರಿಗೆ ಬಿಡುವುದು ಒಂದೇ.

ದೊಡ್ಡ ಹರಳು ತಳದಲ್ಲಿ ಬಿದ್ದುಕೊಂಡು ಕರಗಲು ತಡ ಮಾಡಿದರೆ, ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲೇ ಮುಳುಗುವಂತೆ ತೂಗುಹಾಕಿ. ಕರಗಿದ ನೀರು ಭಾರವಾಗಿ ಕೆಳಗಿಳಿಯುತ್ತದೆ, ಹೊಸ ನೀರು ಹರಳಿಗೆ ತಾಗುತ್ತಾ ಇರುತ್ತದೆ. ಕಲಕುವ ಕೆಲಸ ಅರ್ಧ ಉಳಿಯುತ್ತದೆ.

ಅಯಾನಿಕ ಅಂದ ಮಾತ್ರಕ್ಕೆ ಎಲ್ಲ ಕರಗಬೇಕು ಅಂತೇನೂ ಇಲ್ಲ. ಅರಳಿಸಿದ ಸುಣ್ಣ ನೋಡಿ. ಅದೂ ಅಯಾನಿಕವೇ, ಆದರೆ ಲೀಟರ್ ನೀರಿಗೆ 1.7 ಗ್ರಾಂ ಆಸುಪಾಸು ಮಾತ್ರ ಕರಗುತ್ತದೆ. 50 ಲೀಟರಿಗೆ 1 ಕಿಲೋ ಹಾಕಿದರೆ ನಿಜವಾಗಿ ಕರಗುವುದು 85 ಗ್ರಾಂ ಇರಬಹುದು. ಉಳಿದದ್ದು ಸಣ್ಣ ಪುಡಿಯಾಗಿ ಹಾಲಿನ ಹಾಗೆ ತೇಲುತ್ತಿರುತ್ತದೆ, ಬಿಟ್ಟರೆ ತಳ ಹಿಡಿಯುತ್ತದೆ. ಅದಕ್ಕೇ ಸೋಸಬೇಕು, ಕಲಕುತ್ತಲೇ ಇರಬೇಕು. ಬಿಸಿ ನೀರು ಹಾಕಿದರೂ ಪ್ರಯೋಜನ ಇಲ್ಲ, ಬಿಸಿಯಲ್ಲಿ ಸುಣ್ಣ ಇನ್ನೂ ಕಡಿಮೆ ಕರಗುತ್ತದೆ. ಸುಟ್ಟ ಸುಣ್ಣವನ್ನು ನೀವೇ ಅರಳಿಸುವುದಾದರೆ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಕಣ್ಣಿಗೆ ಕನ್ನಡಕ ಇರಲಿ. ಕುದಿದು ಸಿಡಿಯುತ್ತದೆ.

ಈಗ ಬೋರ್ಡೋ. ಅಡಿಕೆಗೆ, ಮೆಣಸಿನ ಬಳ್ಳಿಗೆ ನಾವು ಮಾಡುವುದು ಶೇ. 1ರದ್ದು: 1 ಕಿಲೋ ತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಕಾಫಿಯ ಎಲೆ ತುಕ್ಕಿಗೆ ಶೇ. 0.5 ಸಾಕು. ಬರೀ ತುತ್ತದ ನೀರು ಹೊಡೆದರೆ ಬಿಡಿ ತಾಮ್ರದ ಅಯಾನುಗಳೆಲ್ಲ ಒಟ್ಟಿಗೇ ಎಲೆಗೆ ತಾಗಿ ಸುಟ್ಟುಬಿಡುತ್ತವೆ. ಸುಣ್ಣದ ಹಾಲಿಗೆ ತುತ್ತದ ನೀರು ಸುರಿದಾಗ ತಾಮ್ರವು ಹೈಡ್ರಾಕ್ಸೈಡ್ ಮತ್ತು ಸಲ್ಫೇಟ್ ಜೊತೆ ಸೇರಿ ಆಕಾಶ ನೀಲಿಯ ಗಂಜಿಯಂಥ ಗಸಿ ಆಗುತ್ತದೆ. ಇದು ನೀರಿನಲ್ಲಿ ಕರಗುವುದಿಲ್ಲ. ಕರಗದೇ ಇರುವುದೇ ಇದರ ದೊಡ್ಡ ಗುಣ! ಎಲೆಗೆ, ಗೊನೆಗೆ ಅಂಟಿಕೊಂಡು ಮಳೆಗಾಲದಲ್ಲಿ ಇಷ್ಟಿಷ್ಟೇ ತಾಮ್ರ ಬಿಡುತ್ತಾ ಹೋಗುತ್ತದೆ. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿಗೆ ಅಂತ ಬರೆದಿಟ್ಟ ಔಷಧಿ ಇದು. ನಮ್ಮ ಕೊಳೆರೋಗಕ್ಕೆ ಇವತ್ತಿಗೂ ಇದನ್ನೇ ನಂಬುತ್ತೇವೆ, ಅದರ ಹಿಂದಿರುವುದು ಈ ಕರಗದ ಗುಣವೇ.

ಕಬ್ಬಿಣದ ಡ್ರಮ್ ಬೇಡ ಅಂತ ಹಿರಿಯರು ಹೇಳುವುದಕ್ಕೂ ಕಾರಣ ಇದೆ. ಲೋಹದಲ್ಲಿ ಎಲೆಕ್ಟ್ರಾನುಗಳು ಯಾವ ಒಂದು ಪರಮಾಣುವಿಗೂ ಸೇರದೆ ಎಲ್ಲ ಕಡೆ ಓಡಾಡಿಕೊಂಡಿರುತ್ತವೆ. ಕಬ್ಬಿಣ ತನ್ನ ಎಲೆಕ್ಟ್ರಾನನ್ನು ತಾಮ್ರದ ಅಯಾನಿಗೆ ಕೊಟ್ಟು ತಾನೇ ಕರಗುತ್ತದೆ, ತಾಮ್ರ ಲೋಹವಾಗಿ ಅದರ ಮೇಲೆ ಕೂರುತ್ತದೆ. ಡ್ರಮ್ ತೂತು, ಔಷಧಿಯಲ್ಲಿ ತಾಮ್ರ ಕಡಿಮೆ. ತಗಡಿನ ಬಕೆಟ್ಟೂ ಅಲ್ಯೂಮಿನಿಯಂ ಪಾತ್ರೆಯೂ ಹಾಗೇ. ಪ್ಲಾಸ್ಟಿಕ್ ಡ್ರಮ್ ಒಳ್ಳೆಯದು, ಹಿತ್ತಾಳೆ ನಾಜಲ್‌ಗೆ ತೊಂದರೆ ಇಲ್ಲ.

ಚಾಕು ಪರೀಕ್ಷೆಯೂ ಇದೇ ಲೆಕ್ಕ. ಚೆನ್ನಾಗಿ ಉಜ್ಜಿದ ಕಬ್ಬಿಣದ ಚಾಕುವನ್ನು ತಯಾರಾದ ಬೋರ್ಡೋದಲ್ಲಿ ಸ್ವಲ್ಪ ಹೊತ್ತು ಅದ್ದಿಡಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಇನ್ನೂ ಬಿಡಿ ತಾಮ್ರ ಉಳಿದಿದೆ ಅಂತ ಅರ್ಥ. ಸುಣ್ಣದ ಹಾಲು ಸ್ವಲ್ಪ ಸ್ವಲ್ಪ ಸೇರಿಸಿ, ಚಾಕು ಉಜ್ಜಿ ಮತ್ತೆ ನೋಡಿ. ಕೆಂಪು ಬರದಿದ್ದರೆ ಹೊಡೆಯಬಹುದು. ಸ್ಟೀಲ್ ಚಾಕು ಬೇಡ, ಅದರಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ. ಮತ್ತೆ, ಮಾಡಿದ ದಿನವೇ ಹೊಡೆದು ಮುಗಿಸಿ.

ಗಂಧಕದ ಕಥೆ ಬೇರೆ. ಎಂಟು ಗಂಧಕದ ಪರಮಾಣು ಬಳೆಯಾಕಾರದಲ್ಲಿ ಸಹವೇಲೆನ್ಸಿ ಬಂಧದಿಂದ ಕೂಡಿ ಒಂದು ಅಣು. ಎಲ್ಲೂ ಪ್ಲಸ್ ಮೈನಸ್ ಇಲ್ಲ, ನೀರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಅಣುವಿನ ಒಳಗಿನ ಬಂಧ ಗಟ್ಟಿ, ಆದರೆ ಒಂದು ಅಣುವಿಗೂ ಇನ್ನೊಂದಕ್ಕೂ ಇರುವ ಎಳೆತ ಬಹಳ ಕಡಿಮೆ. ಅದಕ್ಕೇ ನೀರು ಹಾಕದೆ ಬರೀ ಕಾಯಿಸಿ ಉಪ್ಪನ್ನು ದ್ರವ ಮಾಡಲು 801 ಡಿಗ್ರಿ ಬೇಕು, ಗಂಧಕಕ್ಕೆ 115 ಡಿಗ್ರಿ ಸಾಕು. ಅಂಗಡಿಯಲ್ಲಿ ಸಿಗುವ ವೆಟಬಲ್ ಸಲ್ಫರ್ ಕೂಡ ಕರಗುವ ಗಂಧಕ ಅಲ್ಲ. ತೀರಾ ನುಣ್ಣಗೆ ಮಾಡಿ, ನೀರಲ್ಲಿ ಹರಡುವಂತೆ ಬೇರೆ ಪದಾರ್ಥ ಸೇರಿಸಿರುತ್ತಾರೆ ಅಷ್ಟೇ. ಪಂಪಿನಲ್ಲಿ ಕಲಕದೆ ಬಿಟ್ಟರೆ ಮೊದಲ ಗಿಡಕ್ಕೂ ಕೊನೆಯ ಗಿಡಕ್ಕೂ ಸಿಗುವ ಔಷಧಿ ಒಂದೇ ಸಮ ಇರುವುದಿಲ್ಲ. ಅದೇ ಗಂಧಕವನ್ನು ಸುಣ್ಣದ ಜೊತೆ ಕುದಿಸಿದರೆ ಬಳೆ ಒಡೆದು, ಕ್ಯಾಲ್ಸಿಯಂ ಜೊತೆ ಸೇರಿ ಕರಗುತ್ತದೆ. ಬಂಧ ಬದಲಾಯಿತು, ಗುಣವೂ ಬದಲಾಯಿತು.

ಬೇವಿನೆಣ್ಣೆಗೂ ನೀರಿಗೂ ಆಗಿಬರುವುದಿಲ್ಲ, ಅದಕ್ಕೇ ಸೋಪು ಬೇಕು. ಸೋಪಿನ ಒಂದು ತುದಿ ಅಯಾನು, ನೀರನ್ನು ಹಿಡಿಯುತ್ತದೆ. ಉದ್ದನೆಯ ಬಾಲ ಎಣ್ಣೆಯನ್ನು ಹಿಡಿಯುತ್ತದೆ. ಇದನ್ನು ಬೋರ್ಡೋಗೆ ಹಾಕಿದರೆ ಸುಣ್ಣದ ಕ್ಯಾಲ್ಸಿಯಂ ಸೋಪಿನ ಆ ತುದಿಯನ್ನು ಹಿಡಿದು ಮೊಸರು ಒಡೆದ ಹಾಗೆ ಮಾಡುತ್ತದೆ. ಎಣ್ಣೆ ಮೇಲೆ, ಗಸಿ ಕೆಳಗೆ, ನಾಜಲ್ ಬಂದ್. ಬೇವಿನಲ್ಲಿ ಕೀಟದ ಮೇಲೆ ಕೆಲಸ ಮಾಡುವ ಅಂಶವಾದ ಅಜಾಡಿರಾಕ್ಟಿನ್ ಕೂಡ ಸುಣ್ಣದ ಕ್ಷಾರಕ್ಕೆ ಕೆಡುತ್ತದೆ. ಜಿಂಕ್ ಸಲ್ಫೇಟ್ ಹಾಕಿದರೂ ನಷ್ಟವೇ. ಸತುವು ಸುಣ್ಣದ ಜೊತೆ ಕರಗದ ಹೈಡ್ರಾಕ್ಸೈಡ್ ಆಗಿ, ಎಲೆ ಹೀರಿಕೊಳ್ಳುವುದಕ್ಕೆ ಹೆಚ್ಚೇನೂ ಸಿಗುವುದಿಲ್ಲ. ಅಮೋನಿಯಂ ಸಲ್ಫೇಟ್ ಅಂತೂ ಸುಣ್ಣದ ಹತ್ತಿರ ತರಲೇಬೇಡಿ, ಘಾಟು ಮೂಗಿಗೆ ಹೊಡೆಯುತ್ತದಲ್ವಾ, ಅದು ನೀವು ದುಡ್ಡು ಕೊಟ್ಟ ಸಾರಜನಕವೇ ಗಾಳಿಗೆ ಹೋಗುವುದು.

ಡ್ರಿಪ್ ಇರುವವರಿಗೆ ಇನ್ನೊಂದು ಮಾತು. ಯೂರಿಯಾ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಲೋಟದಲ್ಲಿ ಕಲಕಿದರೆ ಲೋಟ ತಣ್ಣಗಾಗುವುದು ಕೈಗೇ ಗೊತ್ತಾಗುತ್ತದೆ. ಆದರೆ ಅದು ಅಯಾನುಗಳಾಗಿ ಒಡೆಯುವುದಿಲ್ಲ, ಇಡೀ ಅಣುವಾಗಿಯೇ ನೀರಿನ ಜೊತೆ ಬೆರೆಯುತ್ತದೆ. ಹಾಗಾಗಿ ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಅಂತ ಅಳೆಯುವ ಇ.ಸಿ. ಮೀಟರ್ ಯೂರಿಯಾವನ್ನು ಹೆಚ್ಚುಕಡಿಮೆ ತೋರಿಸುವುದೇ ಇಲ್ಲ. ಪೊಟ್ಯಾಷ್ ಹಾಕಿದರೆ ಮುಳ್ಳು ಏರುತ್ತದೆ, ಅದು ಅಯಾನಿಕ. ಮೀಟರ್ ಕಡಿಮೆ ತೋರಿಸಿತು ಅಂತ ಯೂರಿಯಾ ಜಾಸ್ತಿ ಸುರಿಯಬೇಡಿ.

ನಿಮ್ಮ ತೋಟಕ್ಕೆ ನಾನು ಹೇಳುವುದು ಇಷ್ಟು: ಮಳೆ ಹಿಡಿಯುವ ಮುಂಚೆ ಬೋರ್ಡೋ ಮುಗಿಸಿ. ಜಿಂಕ್ ಮತ್ತು ಬೇವಿನೆಣ್ಣೆಯನ್ನು ಬೇರೆ ಬೇರೆ ದಿನ ಇಟ್ಟುಕೊಳ್ಳಿ, ಪಂಪ್ ಚೆನ್ನಾಗಿ ತೊಳೆದ ಮೇಲೆ. ಗಂಧಕಕ್ಕೂ ಎಣ್ಣೆಗೂ ನಡುವೆ ಎರಡು ವಾರವಾದರೂ ಅಂತರ ಇರಲಿ, ಇಲ್ಲದಿದ್ದರೆ ಎಲೆ ಸುಡುತ್ತದೆ. ಬೋರ್ಡೋ ಬಿಟ್ಟು ಬೇರೆ ಯಾವುದಾದರೂ ಎರಡನ್ನು ಸೇರಿಸಲೇಬೇಕು ಅಂತಿದ್ದರೆ ಮೊದಲು ಲೀಟರ್ ಬಾಟಲಿಯಲ್ಲಿ ಅದೇ ಅಳತೆಯಲ್ಲಿ ಬೆರೆಸಿ ಅರ್ಧ ಗಂಟೆ ಇಡಿ. ಗಸಿ ಕೂತರೆ, ಒಡೆದರೆ, ಬಿಸಿಯಾದರೆ ಆ ಜೋಡಿ ಬೇಡ. ಬಾಟಲಿಯಲ್ಲಿ ಏನೂ ಆಗದಿದ್ದರೂ ಲೇಬಲ್ ಓದಿಯೇ ಹೊಡೆಯಿರಿ, ಔಷಧಿಯ ಶಕ್ತಿ ಹೋಗಿರುವುದು ಕಣ್ಣಿಗೆ ಕಾಣುವುದಿಲ್ಲ.