ಹಳೆಯ ಇಂಗ್ಲಿಷ್ ಆಕಾಶಗೋಳದಲ್ಲಿ ಮಹಾವ್ಯಾಧ ತಿರುವುಮುರುವಾಗಿ ಏಕಿದ್ದಾನೆ?

ಲಂಡನ್ನಿನ ಕ್ಯಾರಿಯವರು ಮಾಡಿದ 12 ಇಂಚಿನ ಆಕಾಶಗೋಳದಲ್ಲಿ, ಅಂದರೆ ನಕ್ಷತ್ರಗಳ ನಕ್ಷೆ ಹೊತ್ತ ಗೋಳದಲ್ಲಿ, ಮಹಾವ್ಯಾಧ (ಓರಿಯನ್ ನಕ್ಷತ್ರಪುಂಜ) ಎಡಬಲ ಅದಲುಬದಲಾಗಿದ್ದಾನೆ, ಇದು ತಪ್ಪೋ ನಕಲಿಯೋ ಎಂದು ಕೇಳಿದ್ದೀರಿ. ಅದು ತಪ್ಪಲ್ಲ, ಅಷ್ಟಕ್ಕೇ ನಕಲಿ ಅನ್ನುವುದಕ್ಕೂ ಆಗದು. ಆಕಾಶಗೋಳದಲ್ಲಿ ಭೂಮಿ ನಟ್ಟನಡುವೆ ಇದೆ ಅಂತ ಲೆಕ್ಕ, ನಾವು ನಕ್ಷತ್ರಗಳಾಚೆ ನಿಂತು ಒಳಮುಖವಾಗಿ ನೋಡುತ್ತೇವೆ. ದಕ್ಷಿಣಕ್ಕೆ ಮುಖ ಮಾಡಿದಾಗ ಮಹಾವ್ಯಾಧನ ಎಡಗಡೆ ಮೇಲೆ ಕಾಣುವ ಆರ್ದ್ರಾ ನಕ್ಷತ್ರ, ಗೋಳದಲ್ಲಿ ಬಲಕ್ಕೆ ಬರುತ್ತದೆ.

ನನಗೆ ತುಂಬ ಇಷ್ಟವಾದ ಸಂಗತಿ ಇಲ್ಲೇ ಇದೆ. ಗೋಳಕ್ಕೆ ಅಂಟಿಸುವ ಕಾಗದಕ್ಕೆ ತಾಮ್ರದ ತಗಡಿನಿಂದ ಅಚ್ಚು ಹಾಕಿದಾಗ ಚಿತ್ರ ತಿರುಗಿ ಬೀಳುತ್ತದಲ್ಲ, ಹಾಗಾಗಿ ಕೆತ್ತುವವನ ಕೈಯಲ್ಲಿದ್ದ ತಗಡಿನಲ್ಲಿ ಅಕ್ಷರಗಳು ಉಲ್ಟಾ ಇದ್ದರೂ ನಕ್ಷತ್ರಗಳು ಮಾತ್ರ ನಾವು ಅಂಗಳದಲ್ಲಿ ನಿಂತು ಕಾಣುವ ಹಾಗೇ ಇರುತ್ತಿದ್ದವು!

ಗೋಳದ ಒಳಗೆ ನಟ್ಟನಡುವೆ ಮರದ ಕಂಬ. ಅದರ ಸುತ್ತ ಕಾಗದ ಪದರಪದರವಾಗಿ ಅಂಟಿಸಿ ಮಾಡಿದ ಎರಡು ಅರ್ಧಗೋಳ, ಮೇಲೆ ಸೀಮೆಸುಣ್ಣದ ಪುಡಿ ಮತ್ತು ಅಂಟಿನ ಲೇಪ. ಅರ್ಧವೃತ್ತದ ಪಟ್ಟಿಯೊಳಗೆ ತಿರುಗಿಸುತ್ತಾ ಲೇಪವನ್ನು ನಯ ಮಾಡುತ್ತಿದ್ದರು. ಒಂದು ಮಗ್ಗುಲು ಭಾರವಾದರೆ ಎದುರು ಮಗ್ಗುಲಿಗೆ ಒಳಗೆ ಸೀಸದ ಗುಂಡುಗಳ ಚೀಲ. ನಿಜವಾದ ಪರೀಕ್ಷೆ ಆಮೇಲಿನದು. ನಕ್ಷತ್ರಗಳು ಅಚ್ಚಾದ, ಎರಡೂ ತುದಿ ಚೂಪಾದ ಕಾಗದದ ಎಸಳುಗಳನ್ನು, ಸಾಮಾನ್ಯವಾಗಿ 12, ಒದ್ದೆ ಮಾಡಿ ಅಂಟಿಸಬೇಕು. ಒದ್ದೆ ಕಾಗದ ಹಿಗ್ಗುತ್ತದೆ, ಅಡ್ಡಕ್ಕೂ ಉದ್ದಕ್ಕೂ ಒಂದೇ ಸಮ ಅಲ್ಲ. ಎಷ್ಟು ಹಿಗ್ಗೀತು ಅಂತ ಮೊದಲೇ ಲೆಕ್ಕ ಹಾಕಿ ತಗಡು ಕೆತ್ತಬೇಕಿತ್ತು. ಎರಡು ಎಸಳು ಸೇರುವ ಕಡೆ ಭೂತಗನ್ನಡಿ ಹಿಡಿದು ನೋಡಿ: ರಾಶಿಚಕ್ರದ ಗೆರೆ ಕಡಿಯದೆ ದಾಟಿದ್ದರೆ ಅಂಟಿಸಿದವರ ಕೈ ಎಂಥದ್ದೆಂದು ತಿಳಿಯುತ್ತದೆ. ಕೈಯಿಂದ ಬಣ್ಣ ತುಂಬಿ, ಕೊನೆಗೆ ವಾರ್ನಿಷ್ ಬಳಿಯುತ್ತಿದ್ದರು.

ಕ್ಯಾರಿಯವರ 1799ರ ಗೋಳದ ಶೀರ್ಷಿಕೆಯಲ್ಲಿ ಖಗೋಳಜ್ಞೆ ಕ್ಯಾರೊಲಿನ್ ಹರ್ಷೆಲ್ ಹೆಸರೂ ಇದೆ. ಆ ಕಾಲದಲ್ಲಿ ಒಬ್ಬ ಹೆಂಗಸಿನ ಕೆಲಸವನ್ನು ಹೆಸರಿಟ್ಟು ನೆನೆದದ್ದು ದೊಡ್ಡ ಮಾತು.

ನಕಲಿಯೋ ಎಂಬ ಅನುಮಾನಕ್ಕೆ: ಈಗಿನ ಮುದ್ರಣವಾದರೆ ಭೂತಗನ್ನಡಿಯಲ್ಲಿ ಬಣ್ಣದ ಚುಕ್ಕೆಗಳ ಜಾಲ ಕಾಣುತ್ತದೆ, ತಾಮ್ರದ ಅಚ್ಚಾದರೆ ಚೂಪಾದ ಕಪ್ಪು ಗೆರೆ. ನಕ್ಷತ್ರಗಳ ಜಾಗ 1800ಕ್ಕೆ ಲೆಕ್ಕ ಹಾಕಿದ್ದಾದರೆ, ಅಯನ ಚಲನೆಯಿಂದ (ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ) ಇಂದಿನ ಸ್ಥಾನಕ್ಕೂ ಅದಕ್ಕೂ ಸುಮಾರು 3 ಡಿಗ್ರಿ ವ್ಯತ್ಯಾಸ ಬರುತ್ತದೆ. 12 ಇಂಚಿನ ಗೋಳದಲ್ಲಿ ಅದು ಹೆಚ್ಚುಕಡಿಮೆ 8 ಮಿಲಿಮೀಟರ್. ಆದರೆ ಒಳ್ಳೆಯ ಪ್ರತಿಕೃತಿಯಲ್ಲೂ ಇದು ಹಾಗೇ ಇರುತ್ತದೆ, ಆದ್ದರಿಂದ ಮೊದಲು ಗೆರೆಗಳನ್ನೇ ನೋಡಿ. ಕೊಂಡ ಮೇಲೆ ಕಂದಿದ ವಾರ್ನಿಷನ್ನು ಮನೆಯಲ್ಲಿ ಒದ್ದೆ ಬಟ್ಟೆಯಿಂದ ಒರೆಸಲು ಮಾತ್ರ ಹೋಗಬೇಡಿ. ಬಿರುಕಿನಿಂದ ನೀರಿಳಿದರೆ ಕೆಳಗಿನ ಬಣ್ಣವೂ ಹೋಗುತ್ತದೆ, ಕಾಗದವೂ ಏಳುತ್ತದೆ.