ಮಸೂರದ ಆಚೆಗಿನ ರಂಧ್ರ ಎಲ್ಲಿ ಹೋಯಿತು?

ನಮಸ್ಕಾರ.

ಎಲೆಕ್ಟ್ರಾನ್‌ಗಳನ್ನು ವೃತ್ತದಲ್ಲಿ ವೇಗವಾಗಿ ಓಡಿಸುವ ಯಂತ್ರವಾದ ಸಿಂಕ್ರೊಟ್ರಾನ್‌ನ ಎಕ್ಸ್-ಕಿರಣವನ್ನು ಮಸೂರದಿಂದ ಶುದ್ಧಗೊಳಿಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಆದರೆ ಈ ವಿಷಯ ಕನ್ನಡದಲ್ಲಿ ಬರಲೇಬೇಕು ಅನ್ನುವ ಆಸೆ ನನಗೂ ಇದೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

'ಬೆರಿಲಿಯಂ ಮಸೂರ ಬೇಡದ ಕಿರಣಗಳನ್ನು ಜರಡಿಯಂತೆ ತಡೆಯುತ್ತದೆ' ಎಂದಿದ್ದೀರಿ. ಇಡೀ ಲೇಖನ ಎಡವಿರುವುದು ಇಲ್ಲೇ. ಲೋಹದಲ್ಲಿ ಹೆಚ್ಚು ಹೀರಿಹೋಗುವುದು ಕಡಿಮೆ ಶಕ್ತಿಯ ಕಿರಣ, ಅಂದರೆ ನಮಗೆ ಬೇಕಾದದ್ದು. ಬರೀ ಮಸೂರವಿಟ್ಟರೆ ಕಲಬೆರಕೆಯ, ಅಂದರೆ ಬೇಡದ ಹೆಚ್ಚು ಶಕ್ತಿಯ ಕಿರಣದ, ಪಾಲು ಏರುತ್ತದೆ!

ಆ ಕಲಬೆರಕೆ ಎಲ್ಲಿಂದ ಬಂತೆಂದೂ ನೀವು ಹೇಳಿಲ್ಲ. ಒಂದೇ ಶಕ್ತಿಯ ಕಿರಣವನ್ನು ಆರಿಸಿಕೊಡುವ ಸಿಲಿಕಾನ್ ಹರಳಿನ ಮೊನೊಕ್ರೊಮೇಟರನ್ನು 10 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗೆ ಹೊಂದಿಸಿದಾಗ, ಹರಳು ಯಾವ ಕೋನದಲ್ಲಿ ಯಾವ ಕಿರಣವನ್ನು ಪ್ರತಿಫಲಿಸುತ್ತದೆಂದು ಹೇಳುವ ಬ್ರ್ಯಾಗ್ ನಿಯಮದ ಪ್ರಕಾರ ಅದೇ ಕೋನದಲ್ಲಿ 30ರ, ಅಂದರೆ ಮೂರು ಪಟ್ಟು ಶಕ್ತಿಯ, ಕಿರಣವೂ ನುಸುಳುತ್ತದೆ. ಹೊರಹಾಕಬೇಕಾದದ್ದು ಅದನ್ನು.

ಈಗ ಲೆಕ್ಕಕ್ಕೆ ಬನ್ನಿ. 50 ಮೈಕ್ರೋಮೀಟರ್ ವಕ್ರತಾ ತ್ರಿಜ್ಯದ 10 ಬೆರಿಲಿಯಂ ಮಸೂರಗಳನ್ನು ಸಾಲಾಗಿ ಜೋಡಿಸಿದರೆ, 10ರ ಕಿರಣ ಸುಮಾರು 73 ಸೆಂಟಿಮೀಟರ್ ದೂರದಲ್ಲಿ ಕೂಡುತ್ತದೆ. ಈ ನಾಭಿದೂರ ಶಕ್ತಿಯ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ 30ರ ಕಿರಣಕ್ಕೆ ಅದು ಒಂಬತ್ತು ಪಟ್ಟು, ಹತ್ತಿರ ಹತ್ತಿರ 6.6 ಮೀಟರ್. ಹಾಗಾಗಿ 73 ಸೆಂಟಿಮೀಟರಿನಲ್ಲಿ 20 ಮೈಕ್ರೋಮೀಟರಿನ ಸೂಜಿರಂಧ್ರವೊಂದನ್ನು ಇಟ್ಟರೆ ಬೇಕಾದ ಕಿರಣ ದಾಟಿಹೋಗುತ್ತದೆ. 0.4 ಮಿಲಿಮೀಟರ್ ಅಗಲವಿದ್ದ 30ರ ಕಿರಣ ಅಲ್ಲಿ ಇನ್ನೂ 0.36ರಷ್ಟು ಹರಡಿಕೊಂಡೇ ಇರುತ್ತದೆ. ಅದರಲ್ಲಿ ತೂರುವುದು ಸುಮಾರು 300ರಲ್ಲಿ ಒಂದು ಪಾಲು ಮಾತ್ರ. ನಿಮ್ಮ ಲೇಖನದಲ್ಲಿ ಈ ರಂಧ್ರದ ಸುಳಿವೇ ಇಲ್ಲ. ಶಕ್ತಿ ಬದಲಾದಂತೆ ನಾಭಿ ಸರಿಯುವುದನ್ನು 'ದೋಷ' ಎಂದು ಕರೆದು ಮುಂದೆ ಹೋಗಿದ್ದೀರಿ. ಶುದ್ಧೀಕರಣ ನಡೆಯುವುದೇ ಅದರಿಂದ.

ಚಿತ್ರದಲ್ಲಿ ಪೀನ ಮಸೂರ ಬರೆದಿದ್ದೀರಿ. ಎಕ್ಸ್-ಕಿರಣಕ್ಕೆ ವಸ್ತುವಿನ ವಕ್ರೀಭವನ ಸೂಚ್ಯಂಕ ಒಂದಕ್ಕಿಂತ ತುಸು ಕಡಿಮೆ, ಕಿರಣವನ್ನು ಕೂಡಿಸುವುದು ನಿಮ್ನ ಮಸೂರ. ವ್ಯತ್ಯಾಸ ಹತ್ತು ಲಕ್ಷದಲ್ಲಿ ಕೆಲವೇ ಪಾಲು. ಅದಕ್ಕೇ ಒಂದು ಸಾಲದೆ ಸಾಲು ಬೇಕಾಯಿತು. 1895ರಲ್ಲಿ ಎಕ್ಸ್-ಕಿರಣ ಕಂಡುಹಿಡಿದ ರಾಂಟ್‌ಗನ್‌ಗೆ ವಕ್ರೀಭವನ ಕಾಣಲಿಲ್ಲ, 1996ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲ್ಯೂಮಿನಿಯಂಗೆ ಸಾಲಾಗಿ ತೂತು ಕೊರೆದು ಮಸೂರ ಮಾಡಿದರು. ಈ ನೂರು ವರ್ಷದ ಕತೆಯನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಲ್ಲ, ಬೆಳೆಸಿ.

ಇದೇ ಶುದ್ಧೀಕರಣಕ್ಕೆ ಬಳಸುವ ಕನ್ನಡಿಗಳ ಭಾಗ ಚೆನ್ನಾಗಿದೆ. ಕನ್ನಡಿ ಕಿರಣದ ದಾರಿಯನ್ನೇ ತಿರುಗಿಸುತ್ತದೆ, ಮಸೂರದ ಸಾಲು ನೇರ ದಾರಿಯಲ್ಲೇ ಬಿಡುತ್ತದೆ ಎಂಬ ಹೋಲಿಕೆಯನ್ನು ಅಲ್ಲಿಗೇ ಸೇರಿಸಿ, ಚಿತ್ರ ತಿದ್ದಿ ಮತ್ತೆ ಕಳಿಸಿ.