ಮಾತು ಮುರಿದವನಿಗೆ ಏನು ನಷ್ಟ?

ಓದುಗರ ಪತ್ರ: ಸಮ್ಮಿಶ್ರ ಸರ್ಕಾರಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಬೇಸರವಾಯಿತು. ಜನ ಒಂದು ದಿನ ವೋಟು ಹಾಕುತ್ತಾರೆ. ಆಮೇಲೆ ನಾಯಕರು ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡು ಖಾತೆಗಳನ್ನು ಹರಾಜು ಹಾಕುತ್ತಾರೆ. ನೀವು ಅದನ್ನು ‘ಪ್ರಜಾಪ್ರಭುತ್ವದ ಸಹಜ ಕೆಲಸ’ ಎಂದು ಬರೆದಿದ್ದೀರಿ. ಹೆಚ್ಚು ಸೀಟು ಗೆದ್ದವರು ಆಳಲಿ. ಆಗದಿದ್ದರೆ 30 ದಿನ ನೋಡಿ ಮತ್ತೆ ಚುನಾವಣೆ ಮಾಡಲಿ. 30 ವರ್ಷ ಪೌರನೀತಿ ಪಾಠ ಮಾಡಿದ ನನಗೆ ಕಾಣುವ ಇಷ್ಟು ಸರಳ ದಾರಿ ನಿಮಗೇಕೆ ಕಾಣುವುದಿಲ್ಲ?
(ಬರೆದವರು ನಿವೃತ್ತ ಶಿಕ್ಷಕರು. ಹೆಸರು ಹಾಕಬೇಡಿ ಎಂದಿದ್ದಾರೆ.)

ಸಂಪಾದಕರ ಉತ್ತರ:

ಮೇಷ್ಟ್ರೇ,

ನಿಮ್ಮ ಪತ್ರ ಓದಿದ ಕೂಡಲೇ ಸ್ವಲ್ಪ ಸಿಟ್ಟು ಬಂತು. ಆಮೇಲೆ ನಮ್ಮ ಲೇಖನವನ್ನೇ ಮತ್ತೊಮ್ಮೆ ಓದಿದೆ. ಸಿಟ್ಟು ಇಳಿಯಿತು. ‘ಸಹಜ ಕೆಲಸ’ ಎಂದು ಬರೆದು ನಾವು ಮುಂದಕ್ಕೆ ಹೋಗಿಬಿಟ್ಟಿದ್ದೆವು. ಯಾವಾಗ ಅದು ಸಹಜ, ಯಾವಾಗ ಬರೀ ಮೋಸ ಎಂದು ಹೇಳಲೇ ಇಲ್ಲ. ಅಲ್ಲಿ ಬಿಟ್ಟದ್ದನ್ನು ಇಲ್ಲಿ ತುಂಬುತ್ತೇನೆ. ಉತ್ತರ ಉದ್ದವಾದರೆ ಬೈಯಬೇಡಿ.

ಹೆಚ್ಚು ಸೀಟು ಗೆದ್ದವರು ಆಳಲಿ ಎನ್ನುತ್ತೀರಿ. ಕೇಳಲು ನ್ಯಾಯವಾಗಿಯೇ ಇದೆ. ಆದರೆ 100 ಸೀಟಿನ ಸದನದಲ್ಲಿ 34 ಗೆದ್ದವರೇ ದೊಡ್ಡ ಪಕ್ಷ ಆಗಬಹುದು. ಉಳಿದ 66 ಮಂದಿ ಕೈ ಎತ್ತಿ ಬೇಡ ಎಂದರೆ ಮೊದಲ ಬಜೆಟ್‌ಗೇ ಕಥೆ ಮುಗಿಯಿತು. 1996ರಲ್ಲಿ ಭಾರತದ ಲೋಕಸಭೆಯಲ್ಲಿ ಆದದ್ದು ಇದೇ. ಬಿಜೆಪಿ 161 ಸೀಟು ಗೆದ್ದು ಮೊದಲ ಸ್ಥಾನದಲ್ಲಿತ್ತು. ವಾಜಪೇಯಿ ಪ್ರಧಾನಿಯಾದರು. 13 ದಿನ ಅಷ್ಟೇ. ಸದನದ ವಿಶ್ವಾಸ ಇರುವವರೇ ಆಳಬೇಕು ಎಂಬ ಪದ್ಧತಿಯಲ್ಲಿ ಮೊದಲ ಸ್ಥಾನಕ್ಕೆ ಬೆಲೆ ಇದೆ, ಆದರೆ ಅರ್ಧ ದಾಟುವ ಲೆಕ್ಕಕ್ಕೆ ಇರುವಷ್ಟು ಇಲ್ಲ.

ಹಾಗೆಂದು ನಿಮ್ಮ ಸಿಟ್ಟಿಗೆ ಕಾರಣ ಇಲ್ಲ ಎನ್ನುವುದಿಲ್ಲ. ನಿಮ್ಮ ಪರ ವಾದಿಸಲು ನಾನೇ ಒಂದು ಉದಾಹರಣೆ ಕೊಡುತ್ತೇನೆ. 2010ರ ಮಾರ್ಚ್‌ನಲ್ಲಿ ಇರಾಕ್‌ನಲ್ಲಿ ಚುನಾವಣೆ ನಡೆಯಿತು. ಅಯಾದ್ ಅಲ್ಲಾವಿಯವರ ಕೂಟಕ್ಕೆ 91 ಸೀಟು, ಪ್ರಧಾನಿಯಾಗಿದ್ದ ನೂರಿ ಅಲ್ ಮಾಲಿಕಿಯವರ ಕೂಟಕ್ಕೆ 89. ಸಂವಿಧಾನದಲ್ಲಿ ‘ಅತಿ ದೊಡ್ಡ ಕೂಟ’ಕ್ಕೆ ಮೊದಲ ಅವಕಾಶ ಎಂದಿತ್ತು. ಆ ಕೂಟ ಚುನಾವಣೆಗೆ ಮೊದಲೇ ಆಗಿರಬೇಕೋ, ಆಮೇಲೆ ಕಟ್ಟಿಕೊಂಡರೂ ನಡೆಯುತ್ತದೋ? ಆಮೇಲೆ ಕಟ್ಟಿಕೊಂಡರೂ ಆಗುತ್ತದೆ ಎಂದು ಕೋರ್ಟ್ ಹೇಳಿತು. ಎರಡು ಸೀಟು ಹಿಂದಿದ್ದವರು ಹೀಗೆ ಮುಂದೆ ಬಂದರು. ಎಂಟು ತಿಂಗಳು ಹಗ್ಗ ಜಗ್ಗಾಡಿ ನವೆಂಬರ್‌ನಲ್ಲಿ ಎರ್ಬಿಲ್ ಎಂಬಲ್ಲಿ ಒಂದು ಒಪ್ಪಂದಕ್ಕೆ ಬಂದರು. ಮಾಲಿಕಿ ಪ್ರಧಾನಿಯಾಗಿ ಮುಂದುವರಿಯುವುದು. ಅಲ್ಲಾವಿಯವರಿಗೆಂದೇ ದೊಡ್ಡ ನೀತಿಗಳನ್ನು ತೀರ್ಮಾನಿಸುವ ಹೊಸ ಮಂಡಳಿಯೊಂದನ್ನು ಮಾಡಿಕೊಡುವುದು.

ಆ ಮಂಡಳಿ ಹುಟ್ಟಲೇ ಇಲ್ಲ. ಗೃಹ ಖಾತೆಯನ್ನು ‘ಸದ್ಯಕ್ಕೆ’ ಎಂದು ಮಾಲಿಕಿ ತಮ್ಮ ಬಳಿಯೇ ಇಟ್ಟುಕೊಂಡರು. ಆ ಸದ್ಯ ವರ್ಷಗಟ್ಟಲೆ ನಡೆಯಿತು. ಮೂಗಿಗೆ ತುಪ್ಪ ಸವರುವುದು ಎನ್ನುತ್ತೇವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ನೋಡಿ ಮೇಷ್ಟ್ರೇ, ಇಲ್ಲಿ ಕೆಟ್ಟದ್ದು ಯಾವುದು? ನಿಮ್ಮ ಕಣ್ಣಿಗೆ ಎಂಟು ತಿಂಗಳ ಚೌಕಾಸಿ ಬಿದ್ದಿದೆ. ನನಗೆ ಚುಚ್ಚುವುದು ಆಮೇಲಿನದು. ಪ್ರಧಾನಿ ಪಟ್ಟ ಮೊದಲೇ ಕೈಸೇರಿತ್ತು, ಮಂಡಳಿ ಮಾತ್ರ ನಾಳೆಯ ಮಾತಾಗಿತ್ತು. ಮಾತು ಮುರಿದವರಿಗೆ ಮುರಿದ ದಿನ ಒಂದು ಪೈಸೆ ನಷ್ಟ ಇರಲಿಲ್ಲ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ. ಅದಕ್ಕೇ ಯಾವ ದೇಶದಲ್ಲಿ ಎಂಥ ಮೈತ್ರಿ ಆಗಲಿ, ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದನ್ನು ಮುರಿದವನಿಗೆ ಏನು ನಷ್ಟ?

ಸರದಿಯ ಮೇಲೆ ಪ್ರಧಾನಿಯಾಗುವ ಒಪ್ಪಂದಗಳಲ್ಲಿ ಈ ಪ್ರಶ್ನೆಗೆ ಉತ್ತರ ಚೆನ್ನಾಗಿ ಸಿಗುತ್ತದೆ. ಅರ್ಧ ಅವಧಿ ನೀನು, ಅರ್ಧ ಅವಧಿ ನಾನು. ಮೊದಲು ಕುಳಿತವನಿಗೆ ಏಳುವ ಮನಸ್ಸು ಯಾಕೆ ಬರಬೇಕು?

ಇಸ್ರೇಲ್‌ನಲ್ಲಿ 1984ರಲ್ಲಿ ಒಂದು ಕಡೆ 44 ಸೀಟು, ಇನ್ನೊಂದು ಕಡೆ 41. ಹಣದುಬ್ಬರ ವರ್ಷಕ್ಕೆ ಶೇಕಡಾ 400 ದಾಟಿತ್ತು. ಶಿಮೊನ್ ಪೆರೆಸ್ ಮೊದಲ ಎರಡು ವರ್ಷ, ಯಿತ್ಜಾಕ್ ಶಮೀರ್ ನಂತರದ ಎರಡು ವರ್ಷ ಎಂದು ಮಾತಾಯಿತು. 1986ರ ಅಕ್ಟೋಬರ್‌ನಲ್ಲಿ ಪೆರೆಸ್ ಎದ್ದು ಕುರ್ಚಿ ಬಿಟ್ಟರು. ಅದೇ ದೇಶದಲ್ಲಿ 2020ರಲ್ಲಿ ಪ್ರಧಾನಿ ನೆತನ್ಯಾಹು ಮತ್ತು ಅವರ ಎದುರಾಳಿ ಗಾಂಟ್ಜ್ ಅಂಥದ್ದೇ ಒಪ್ಪಂದ ಮಾಡಿಕೊಂಡರು. ಮೊದಲ ಸರದಿ ನೆತನ್ಯಾಹು ಅವರದು. ಈ ಸಲ ಬಾಯಿಮಾತು ಸಾಲದು ಎಂದು ಅಲ್ಲಿ ಸಂವಿಧಾನದಂತಿರುವ ಮೂಲ ಕಾನೂನನ್ನೇ ತಿದ್ದಿದರು. ‘ಪರ್ಯಾಯ ಪ್ರಧಾನಿ’ ಎಂಬ ಹುದ್ದೆ ಹುಟ್ಟಿತು. ಎಲ್ಲಾ ಬೀಗ ಹಾಕಿದರು, ಒಂದು ಕಿಟಕಿ ಬಿಟ್ಟರು. ಗಡುವಿನೊಳಗೆ ಬಜೆಟ್ ಪಾಸಾಗದಿದ್ದರೆ ಸಂಸತ್ತು ತಾನಾಗಿಯೇ ವಿಸರ್ಜನೆ ಆಗುತ್ತಿತ್ತು. ಹಾಗಾದಾಗ ಕುರ್ಚಿ ಗಾಂಟ್ಜ್‌ಗೆ ಹೋಗುತ್ತಿರಲಿಲ್ಲ. ಡಿಸೆಂಬರ್‌ನಲ್ಲಿ ಬಜೆಟ್ ಪಾಸಾಗಲಿಲ್ಲ. ಗಾಂಟ್ಜ್ ಪ್ರಧಾನಿ ಆಗಲಿಲ್ಲ. ಅಷ್ಟೆಲ್ಲಾ ಕಾನೂನು ಬರೆದ ವಕೀಲರು ಆ ಕಿಟಕಿಯ ಬಗ್ಗೆ ಏನು ಹೇಳುತ್ತಾರೋ ಕೇಳಬೇಕೆಂದು ನನಗೆ ಇಂದಿಗೂ ಆಸೆ ಇದೆ.

ಭಾರತದ ರಾಜ್ಯಗಳಲ್ಲೂ ಈ ಪ್ರಯೋಗ ಆಗಿದೆ. 1997ರಲ್ಲಿ ಉತ್ತರ ಪ್ರದೇಶದಲ್ಲಿ ಆರಾರು ತಿಂಗಳ ಸರದಿ. ಮಾಯಾವತಿ ಕುರ್ಚಿ ಬಿಟ್ಟುಕೊಟ್ಟರು, ಆದರೆ ಒಂದೇ ತಿಂಗಳಲ್ಲಿ ಅವರ ಪಕ್ಷ ಬೆಂಬಲ ವಾಪಸ್ ಪಡೆಯಿತು. ಜಮ್ಮು-ಕಾಶ್ಮೀರದಲ್ಲಿ 2005ರಲ್ಲಿ ಮುಫ್ತಿ ಮೊಹಮ್ಮದ್ ಸಯೀದ್ ಮಾತಿನಂತೆ ಮೂರು ವರ್ಷಕ್ಕೆ ಗುಲಾಂ ನಬಿ ಆಜಾದ್ ಅವರಿಗೆ ದಾರಿ ಬಿಟ್ಟರು. ಕರ್ನಾಟಕದ 20-20 ತಿಂಗಳ ಕಥೆ ನಿಮಗೆ ನಾನು ಹೇಳಬೇಕಿಲ್ಲ. 2007ರ ಅಕ್ಟೋಬರ್‌ನಲ್ಲಿ ಕೈಬದಲು ಆಗಲಿಲ್ಲ. ನವೆಂಬರ್‌ನಲ್ಲಿ ಆದಾಗ ಯಡಿಯೂರಪ್ಪನವರಿಗೆ ಸಿಕ್ಕಿದ್ದು ಒಂದು ವಾರ. ಆಗ ಕುರ್ಚಿ ಬಿಟ್ಟುಕೊಡದ ಜೆಡಿಎಸ್‌ಗೆ 2004ರಲ್ಲಿ 58 ಸೀಟು ಇತ್ತು. 2008ರ ಚುನಾವಣೆಯಲ್ಲಿ ಅದು 28ಕ್ಕೆ ಇಳಿಯಿತು. ನಷ್ಟ ಇತ್ತು, ಆದರೆ ತಡವಾಗಿ ಬಂತು. ತಡವಾಗಿ ಬರುವ ನಷ್ಟವನ್ನು ರಾಜಕಾರಣಿ ಲೆಕ್ಕಕ್ಕೆ ಇಟ್ಟುಕೊಳ್ಳುವುದು ಕಡಿಮೆ ಅಲ್ವಾ?

ಐರ್ಲೆಂಡ್‌ನಲ್ಲಿ ಆ ನಷ್ಟ ಕಣ್ಣೆದುರಿಗೇ ಇತ್ತು. ಅಲ್ಲಿನ ಎರಡು ಹಳೆಯ ಪಕ್ಷಗಳಾದ ಫಿಯನ್ನಾ ಫಾಯಿಲ್ ಮತ್ತು ಫೀನ್ ಗೇಲ್ ಬೇರೆಯಾದದ್ದು 1922-23ರ ಅಂತರ್ಯುದ್ಧದಲ್ಲಿ. ಅಜ್ಜಂದಿರ ಕಾಲದ ವೈರ. 2020ರಲ್ಲಿ 38, 37, 35 ಎಂದು ಸೀಟುಗಳು ಮೂರು ಪಾಲಾದವು. ನಡುವಿನ 37 ಶಿನ್ ಫೇನ್ ಪಕ್ಷದ್ದು. ಹಳೆಯ ವೈರಿಗಳಿಬ್ಬರೂ ಹಸಿರು ಪಕ್ಷವನ್ನು ಸೇರಿಸಿಕೊಂಡು ಸರ್ಕಾರ ಮಾಡಿದರು. 2022ರ ಡಿಸೆಂಬರ್‌ನಲ್ಲಿ ಪ್ರಧಾನಿ ಕುರ್ಚಿಯಿಂದ ಫಿಯನ್ನಾ ಫಾಯಿಲ್‌ನ ಮೀಹಾಲ್ ಮಾರ್ಟಿನ್ ಎದ್ದರು, ಫೀನ್ ಗೇಲ್‌ನ ಲಿಯೋ ವರದ್ಕರ್ ಕುಳಿತರು. ಹಣಕಾಸು ಖಾತೆ ಕೂಡ ಆ ಪಕ್ಷದಿಂದ ಈ ಪಕ್ಷಕ್ಕೆ ಅದಲು ಬದಲಾಯಿತು. ಗಲಾಟೆ ಇಲ್ಲ. ಅವರೇನು ಹರಿಶ್ಚಂದ್ರರಲ್ಲ. ಆ ಹೊತ್ತಿಗೆ ಜನಮತ ಸಮೀಕ್ಷೆಗಳಲ್ಲಿ ಶಿನ್ ಫೇನ್ ಮುಂದಿತ್ತು. ಯಾರು ಜಗಳ ತೆಗೆದು ಚುನಾವಣೆ ತಂದರೂ ಇಬ್ಬರೂ ಮುಳುಗುತ್ತಿದ್ದರು.

ಖಾತೆ ಕಿತ್ತಾಟಕ್ಕೆ ಬರುತ್ತೇನೆ. ನೀವು ‘ಹರಾಜು’ ಎಂದಿರಿ. ಎಷ್ಟು ಖಾತೆ ಎನ್ನುವುದರಲ್ಲಿ ಹೆಚ್ಚು ಜಗಳ ಇರುವುದಿಲ್ಲ. ವಿಲಿಯಂ ಗ್ಯಾಮ್ಸನ್ ಎಂಬ ಸಮಾಜಶಾಸ್ತ್ರಜ್ಞ 1961ರಲ್ಲೇ ಹೇಳಿದ್ದಂತೆ, ಯಾರು ಎಷ್ಟು ಸೀಟು ತರುತ್ತಾರೋ ಸುಮಾರು ಅಷ್ಟೇ ಪಾಲು ಕೇಳುತ್ತಾರೆ, ಪಡೆಯುತ್ತಾರೆ. ಜಗಳ ಇರುವುದು ಯಾವ ಖಾತೆ ಎನ್ನುವುದರಲ್ಲಿ. ಹಣಕಾಸು ಕೈಯಲ್ಲಿದ್ದರೆ ಉಳಿದ ಎಲ್ಲಾ ಮಂತ್ರಿಗಳ ಜುಟ್ಟು ಕೈಯಲ್ಲಿದ್ದಂತೆ. ಗೃಹ ಎಂದರೆ ಪೊಲೀಸ್. ನಿನ್ನೆಯವರೆಗೆ ಎದುರಾಳಿಯಾಗಿದ್ದವನ ಕೈಗೆ ಪೊಲೀಸರನ್ನು ಕೊಟ್ಟು ನಿದ್ದೆ ಮಾಡುವುದು ಸುಲಭವಲ್ಲ. ಇದರಲ್ಲಿ ದುರಾಸೆ ಇಲ್ಲ ಎನ್ನುವುದಿಲ್ಲ, ಖಂಡಿತ ಇದೆ. ಆದರೆ ಹೆದರಿಕೆಯೂ ಇದೆ. ಕೆಲವು ದೇಶಗಳಲ್ಲಿ ಮಂತ್ರಿ ಒಂದು ಪಕ್ಷದವರಾದರೆ ಕಿರಿಯ ಮಂತ್ರಿ ಬೇಕೆಂದೇ ಇನ್ನೊಂದು ಪಕ್ಷದವರಾಗಿರುತ್ತಾರೆ. ಒಬ್ಬರ ಮೇಲೆ ಒಬ್ಬರು ಕಣ್ಣಿಡಲು.

ಚೌಕಾಸಿಯೇ ಬೇಡ ಎಂದು ನಿಯಮ ಮಾಡಿದರೆ? ಅದನ್ನೂ ಮಾಡಿ ನೋಡಿದ್ದಾರೆ. 1998ರ ಶಾಂತಿ ಒಪ್ಪಂದದ ನಂತರ ಉತ್ತರ ಐರ್ಲೆಂಡ್‌ನಲ್ಲಿ ಖಾತೆಗಳನ್ನು ಒಂದು ಲೆಕ್ಕದ ಪ್ರಕಾರ ಸರದಿಯಲ್ಲಿ ಆರಿಸಿಕೊಳ್ಳುತ್ತಾರೆ. ದೊಡ್ಡ ಪಕ್ಷ ಮೊದಲು ಒಂದು ಖಾತೆ ಎತ್ತಿಕೊಳ್ಳುತ್ತದೆ. ಕೂಡಲೇ ಅದರ ಸೀಟಿನ ಸಂಖ್ಯೆಯನ್ನು ಎರಡರಿಂದ ಭಾಗಿಸುತ್ತಾರೆ. ಈಗ ಯಾರ ಸಂಖ್ಯೆ ದೊಡ್ಡದೋ ಅವರ ಸರದಿ. ಎರಡನೇ ಖಾತೆ ಸಿಕ್ಕಿದರೆ ಮೂರರಿಂದ ಭಾಗ. ಹೀಗೇ ಮುಂದಕ್ಕೆ. ನಿಮ್ಮ ತರಗತಿಯ ಮಕ್ಕಳಿಗೂ ಅರ್ಥವಾಗುವ ಲೆಕ್ಕ. ಬಾಗಿಲು ಹಾಕುವುದು ಬೇಕಿಲ್ಲ, ತಿಂಗಳುಗಟ್ಟಲೆ ಕಾಯುವುದು ಬೇಕಿಲ್ಲ. ಆದರೆ ಸರ್ಕಾರದ ಮೇಲೆ ಕೂರುವ ಇಬ್ಬರು ಮುಖ್ಯಸ್ಥರು, ಬ್ರಿಟನ್ ಪರ ಮತ್ತು ಐರ್ಲೆಂಡ್ ಪರ ಎಂಬ ಎರಡು ಸಮುದಾಯದವರು, ಜೋಡೆತ್ತಿನ ಹಾಗೆ. ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರ ಹುದ್ದೆಯೂ ಹೋಯಿತು. ಹೀಗೆ 2017ರಿಂದ 2020ರವರೆಗೆ ಒಮ್ಮೆ, 2022ರಿಂದ 2024ರವರೆಗೆ ಮತ್ತೊಮ್ಮೆ ಅಲ್ಲಿನ ಸರ್ಕಾರ ಮಲಗಿತು.

ಲೆಬನಾನ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂತ್ರಿಗಳು ರಾಜೀನಾಮೆ ಕೊಟ್ಟರೆ ಸರ್ಕಾರ ಬಿದ್ದಂತೆ. 2008ರಲ್ಲಿ ದೋಹಾದಲ್ಲಿ ಕುಳಿತು ಸಂಧಾನ ಮಾಡಿದಾಗ ವಿರೋಧಿ ಬಣ ಕೇಳಿ ಪಡೆದದ್ದು 30ರಲ್ಲಿ 11 ಮಂತ್ರಿ ಸ್ಥಾನ. ಯಾಕೆ ಸರಿಯಾಗಿ 11 ಎಂದು ನೀವೇ ಲೆಕ್ಕ ಹಾಕಿ. 2011ರ ಜನವರಿಯಲ್ಲಿ ಪ್ರಧಾನಿ ಸಾದ್ ಹರೀರಿ ವಾಷಿಂಗ್ಟನ್‌ನಲ್ಲಿ ಒಬಾಮಾ ಅವರನ್ನು ಭೇಟಿಯಾಗಲು ಹೋಗಿದ್ದ ದಿನವೇ ಬೈರೂತ್‌ನಲ್ಲಿ 11 ಮಂದಿ ರಾಜೀನಾಮೆ ಕೊಟ್ಟರು. ಇಲ್ಲಿ ಮುರಿಯುವ ಹಕ್ಕೇ ಪಾಲಾಗಿ ಸಿಕ್ಕಿತ್ತು.

ಬಾಗಿಲು ಹಾಕಿ ಮಾತಾಡುವುದರ ಬಗ್ಗೆ ನಾನು ಅರ್ಧ ನಿಮ್ಮ ಜೊತೆ. ಮಾತುಕತೆ ನಡೆಯುವಾಗ ಬಾಗಿಲು ಹಾಕಿರಲಿ. ಬೆಳಿಗ್ಗೆ ಬಿಟ್ಟುಕೊಟ್ಟದ್ದು ಮಧ್ಯಾಹ್ನದ ಸುದ್ದಿಯಾದರೆ ಯಾವ ನಾಯಕನೂ ಏನೂ ಬಿಟ್ಟುಕೊಡುವುದಿಲ್ಲ, ಅವನ ಪಕ್ಷದವರೇ ಅವನನ್ನು ತಿಂದುಹಾಕುತ್ತಾರೆ. ಆದರೆ ಮುಗಿದ ಮೇಲೆ ಕಾಗದ ಹೊರಗೆ ಬರಬೇಕು, ಪೂರ್ತಿ ಬರಬೇಕು. ಜರ್ಮನಿಯಲ್ಲಿ 2013ರಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಒಪ್ಪಂದವನ್ನು ತನ್ನ ಸದಸ್ಯರ ಮತಕ್ಕೇ ಹಾಕಿತ್ತು. ಮುಕ್ಕಾಲು ಪಾಲು ಜನ ಹೂಂ ಎಂದ ಮೇಲೆಯೇ ಸರ್ಕಾರ.

ಕಾಗದ ಇದ್ದರೆ ಸಾಕು ಎಂದೂ ಹೇಳಲಾರೆ. 2021ರ ಜರ್ಮನಿಯ ತ್ರಿಪಕ್ಷ ಒಪ್ಪಂದ 177 ಪುಟ ಇತ್ತು. ಒಂದು ಪಕ್ಷಕ್ಕೆ ಹವಾಮಾನದ ಖರ್ಚು ಬೇಕು, ಇನ್ನೊಂದಕ್ಕೆ ಜನಕಲ್ಯಾಣ, ಮೂರನೆಯದಕ್ಕೆ ತೆರಿಗೆ ಏರಿಸಬಾರದು, ಸಾಲ ಮಾಡಬಾರದು. ಎತ್ತು ಏರಿಗೆ, ಕೋಣ ನೀರಿಗೆ. ಮೂವರನ್ನೂ ಹಿಡಿದಿಟ್ಟದ್ದು ಕೋವಿಡ್‌ಗೆಂದು ಎತ್ತಿಟ್ಟು ಬಳಸದೆ ಉಳಿದ 6,000 ಕೋಟಿ ಯೂರೋ ಸಾಲದ ಅವಕಾಶ. ಅದನ್ನು ಹವಾಮಾನ ನಿಧಿಗೆ ತಿರುಗಿಸಿದ್ದರು. 2023ರ ನವೆಂಬರ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಇದು ನಡೆಯುವುದಿಲ್ಲ ಎಂದಿತು. ಅಂಟು ಕಳಚಿತು. ಸುಮಾರು ಒಂದು ವರ್ಷಕ್ಕೆ ಛಾನ್ಸಲರ್ ಶೋಲ್ಜ್ ತಮ್ಮ ಹಣಕಾಸು ಮಂತ್ರಿ ಲಿಂಡ್ನರ್ ಅವರನ್ನು ಕಿತ್ತುಹಾಕಿದರು. 177 ಪುಟ ಅಲ್ಲೇ ಉಳಿಯಿತು.

ಇನ್ನು ನಿಮ್ಮ 30 ದಿನದ ಗಡುವು. ಸ್ಪೇನ್‌ನಲ್ಲಿ ಇಂಥದ್ದೊಂದು ಇದೆ. ಪ್ರಧಾನಿ ಆಯ್ಕೆಗೆ ಮೊದಲ ಮತ ನಡೆದು ಎರಡು ತಿಂಗಳಲ್ಲಿ ಯಾರೂ ಗೆಲ್ಲದಿದ್ದರೆ ಮತ್ತೆ ಚುನಾವಣೆ. ಹಾಗೆ 2015ರ ಡಿಸೆಂಬರ್ ಚುನಾವಣೆ 2016ರ ಜೂನ್‌ನಲ್ಲಿ ಮರುಕಳಿಸಿತು. 2019ರಲ್ಲಿ ಒಂದೇ ವರ್ಷ ಎರಡು ಸಲ. ಇಸ್ರೇಲ್‌ನಲ್ಲೂ ಗಡುವು ಇದೆ. ಅಲ್ಲಿ 2019ರ ಏಪ್ರಿಲ್‌ನಿಂದ 2022ರ ನವೆಂಬರ್‌ವರೆಗೆ ಐದು ಚುನಾವಣೆ ಆದವು. ಮುಂದಿನ ಸಲ ನನಗೆ ನಾಲ್ಕು ಸೀಟು ಜಾಸ್ತಿ ಬರುತ್ತದೆ ಎಂದುಕೊಂಡವನಿಗೆ ಗಡುವು ಹೆದರಿಕೆ ಹುಟ್ಟಿಸುವುದಿಲ್ಲ. ಸುಮ್ನೆ ಕೂತು ದಿನ ಎಣಿಸಿದರೆ ಸಾಕು.

ಹಾಗಾದರೆ ಗಡುವೇ ಇಲ್ಲದಿದ್ದರೆ? ಬೆಲ್ಜಿಯಂ ನೋಡಿ. 2010ರ ಜೂನ್‌ನಲ್ಲಿ ಚುನಾವಣೆ ಆಗಿ 541 ದಿನದ ಮೇಲೆ, 2011ರ ಡಿಸೆಂಬರ್‌ನಲ್ಲಿ ಎಲಿಯೊ ಡಿ ರೂಪೊ ಪ್ರಮಾಣವಚನ ಸ್ವೀಕರಿಸಿದರು. ಇಲ್ಲಿ ನಮ್ಮ ಲೇಖನದ ಒಂದು ತಪ್ಪನ್ನೂ ತಿದ್ದಿಬಿಡುತ್ತೇನೆ. ಅಷ್ಟು ದಿನ ‘ಸರ್ಕಾರವೇ ಇರಲಿಲ್ಲ’ ಎಂದು ಬರೆದಿದ್ದೆವು. ಇತ್ತು. ಇವ್ ಲೆಟರ್ಮ್ ಅವರ ಹಂಗಾಮಿ ಸರ್ಕಾರ ಐರೋಪ್ಯ ಒಕ್ಕೂಟದ ಸರದಿ ಅಧ್ಯಕ್ಷತೆಯನ್ನು ನಿಭಾಯಿಸಿತು, ಲಿಬಿಯಾಕ್ಕೆ ಯುದ್ಧವಿಮಾನ ಕೂಡ ಕಳಿಸಿತು. ದಿನಗಳು ಉರುಳಲು ಅದೇ ಕಾರಣ ಎಂದು ನನ್ನ ಅನಿಸಿಕೆ. ತಡ ಮಾಡಿದರೂ ಯಾರ ಮನೆಗೂ ಬಿಸಿ ತಟ್ಟುತ್ತಿರಲಿಲ್ಲ. 2011ರ ನವೆಂಬರ್ ಕೊನೆಗೆ ಒಂದು ರೇಟಿಂಗ್ ಸಂಸ್ಥೆ ದೇಶದ ಸಾಲದ ದರ್ಜೆಯನ್ನು ಇಳಿಸಿತು. ತಿಂಗಳುಗಟ್ಟಲೆ ಬಗೆಹರಿಯದ ಬಜೆಟ್ ಆಮೇಲೆ ಒಂದೆರಡು ದಿನದಲ್ಲಿ ಬಗೆಹರಿಯಿತು.

ಅದಕ್ಕೇ ನಿಮ್ಮ ಗಡುವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ನಿಮ್ಮ ಸಲಹೆಯನ್ನೇ ಬೆಳೆಸಿ ಎರಡು ಪುಟ ಬರೆದು ಕಳಿಸಿ. ಒಂದು ಷರತ್ತು: 31ನೇ ದಿನ ಬೆಳಿಗ್ಗೆ ಮಾತುಕತೆಗೆ ಕೂತ ಪ್ರತಿಯೊಬ್ಬ ನಾಯಕನ ಜೇಬಿನಿಂದ ಏನು ಹೋಗಿರುತ್ತದೆ ಎಂದು ಬರೆಯಬೇಕು. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಆಗಲೂ ಹೆಸರು ಬೇಡ ಎಂದರೆ ಹಾಕುವುದಿಲ್ಲ.

– ಸಂ.